ಹಕ್ಕಿ ಕೊಲ್ಲುವ ಗನ್ನಿಗೆ ಬಿಲ್ ಸಾಕು, ಪ್ಲಾಸ್ಟಿಕ್ ಗುಂಡಿಗೆ ಠಾಣೆ

ಮೊದಲು ಒಂದು ಸಣ್ಣ ಲೆಕ್ಕ. ಏರ್‌ಸಾಫ್ಟ್ ಗನ್ನಿಗೆ ಹಾಕುವ ಪ್ಲಾಸ್ಟಿಕ್ ಗುಂಡು 6 ಮಿಲಿಮೀಟರ್ ದಪ್ಪ. ತೂಕ ಸಾಮಾನ್ಯವಾಗಿ 0.2 ಗ್ರಾಂ. ಅದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೌಲ್. ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರು ಬೇಕಾದರೆ ಗುಣಿಸಿ ನೋಡಿ. ಇನ್ನು ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಕೊಳ್ಳಬಹುದಾದ .177 ಏರ್‌ಗನ್ನಿಗೆ ಇರುವ ಮಿತಿ 20 ಜೌಲ್. ಅದರಿಂದ ಹೊರಡುವುದು ಪ್ಲಾಸ್ಟಿಕ್ ಅಲ್ಲ, ಸೀಸ. ಬೆಳವ, ಕೌಜುಗ ಹೊಡೆದು ಕೆಡವಲು ಅದು ಧಾರಾಳ ಸಾಕು. ಅಂಗಡಿಯವನು ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಬಿಲ್ ಹರಿದು ಕೊಡುತ್ತಾನೆ. ಆದರೆ ಅದರ ಇಪ್ಪತ್ತನೇ ಒಂದು ಪಾಲು ಪೆಟ್ಟೂ ಇಲ್ಲದ ಏರ್‌ಸಾಫ್ಟ್ ಪಿಸ್ತೂಲನ್ನು ಹೊರದೇಶದಿಂದ ತರಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ. ಹೇಗೋ ಊರು ಮುಟ್ಟಿದರೆ ಠಾಣೆಯಿಂದ ಫೋನು ಬರುತ್ತದೆ.

ಇದನ್ನು ಬರೆಯಲು ಕಾರಣ ಇದೆ. ಡಿಪ್ಲೊಮಾ ಓದುವ 19ರ ಹುಡುಗನೊಬ್ಬ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಏರ್‌ಸಾಫ್ಟ್ ಪಿಸ್ತೂಲ್ ಕೊಂಡ. ಅದನ್ನು ಹಿಡಿದು ಹೊಲದ ಬದುವಿನ ಮೇಲೆ ನಿಂತು ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ. ಮರುದಿನ ಬೆಳಿಗ್ಗೆ ಠಾಣೆಗೆ ಕರೆಸಿದರು. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಪಿಸ್ತೂಲ್ ಇಟ್ಟುಕೊಂಡು, ಬರೆಸಿಕೊಂಡು ಕಳಿಸಿದರು. ಕೇಸ್ ಆಗಲಿಲ್ಲ. ಅವನ ಅಪ್ಪ ನನ್ನ ಹತ್ತಿರ ಬಂದದ್ದು ಸಹಾಯ ಕೇಳಲು ಅಲ್ಲ. "ಸರ, ಪೇಪರಿನ್ಯಾಗ ಹೆಸರು ಹಾಕಬ್ಯಾಡ್ರಿ, ಮನ್ಯಾಗ ಮದುವಿಗಿ ಬಂದ ಮಗಳದಾಳ" ಎಂದರು. ನಾನು ಹೆಸರಿಲ್ಲದೆ ನಾಲ್ಕು ಸಾಲು ಕಳಿಸಿದೆ. ಡೆಸ್ಕಿನವರು ಅದಕ್ಕೆ 'ಪಿಸ್ತೂಲ್ ಸಹಿತ ಯುವಕ ವಶಕ್ಕೆ' ಎಂದು ಹೆಡ್ಡಿಂಗ್ ಕೊಟ್ಟರು. 'ಆಟಿಕೆ' ಎಂಬ ಪದ ಮೂರನೇ ಸಾಲಿನಲ್ಲಿತ್ತು. ಮೂರನೇ ಸಾಲು ಓದುವವರು ಎಷ್ಟು ಜನ, ನಮಗೆಲ್ಲ ಗೊತ್ತು. ಊರಲ್ಲಿ ಹೆಸರು ಬೇಕಾಗಲೂ ಇಲ್ಲ.

ಠಾಣೆಯಲ್ಲಿ ಯಾವ ಸೆಕ್ಷನ್ ಎಂದು ಕೇಳಿದೆ. "ನೋಡಾಕ ಪಿಸ್ತೂಲ್ ಇದ್ದಂಗ ಐತಿ, ಅಷ್ಟು ಸಾಕಲ್ಲ ಸರ" ಎಂಬ ಉತ್ತರ ಬಂತು. ನಗಬೇಡಿ. ಈ ವಿಷಯದಲ್ಲಿ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ 1962ರಲ್ಲಿ ಮಾಡಿದ ನಿಯಮಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದವು. ಅವುಗಳ ಜಾಗಕ್ಕೆ 2016ರಲ್ಲಿ ಹೊಸ ನಿಯಮಗಳು ಬಂದವು. ಏರ್‌ಗನ್ನಿಗೆ 20 ಜೌಲ್, .177 ಎಂಬ ಗೆರೆ ಸ್ಪಷ್ಟವಾಯಿತು. ಜೊತೆಗೆ ಬಂದೂಕಿನ 'ಪ್ರತಿಕೃತಿ' ಎಂಬ ಬಾಬತ್ತೂ ಒಳಗೆ ಬಂತು. ಅಂದರೆ ಗುಂಡು ಹಾರಿಸಲಾಗದಿದ್ದರೂ ನೋಡಲು ಥೇಟ್ ಬಂದೂಕಿನಂತಿರುವ ವಸ್ತು. ಏರ್‌ಸಾಫ್ಟ್ ಎಡವುವುದು ಇಲ್ಲಿಯೇ. ಅದನ್ನು ಮಾಡುವುದೇ ನಿಜವಾದ ಬಂದೂಕಿನ ಅಚ್ಚಿನಲ್ಲಿ. ಪೆಟ್ಟಿನ ಲೆಕ್ಕದಲ್ಲಿ ಅದು ಆಟಿಕೆಯ ಪಕ್ಕ, ನೋಟದ ಲೆಕ್ಕದಲ್ಲಿ ಶಸ್ತ್ರದ ಪಕ್ಕ. ಹವ್ಯಾಸಿಗಳ ಆಟಕ್ಕೆಂದು ನಡುವೆ ಒಂದು ಮನೆ ಕಟ್ಟಿಕೊಡುವ ಗೋಜಿಗೆ ಯಾರೂ ಹೋಗಲಿಲ್ಲ.

ಹಾಗೆಂದು ನೋಟಕ್ಕೆ ಬೆಲೆಯೇ ಇಲ್ಲ ಎನ್ನುವ ಹವ್ಯಾಸಿಗಳ ಮಾತನ್ನು ನಾನು ಒಪ್ಪುವುದಿಲ್ಲ. "ಪ್ಲಾಸ್ಟಿಕ್ ಗುಂಡು ಸ್ವಾಮಿ, ಯಾರು ಸಾಯ್ತಾರೆ" ಎಂದು ಕೇಳುವವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 2014ರ ನವೆಂಬರಿನಲ್ಲಿ ಆದದ್ದನ್ನು ನೆನೆಯಬೇಕು. ಟಮೀರ್ ರೈಸ್ ಎಂಬ 12 ವರ್ಷದ ಹುಡುಗ ಪಾರ್ಕಿನಲ್ಲಿ ಏರ್‌ಸಾಫ್ಟ್ ಪಿಸ್ತೂಲ್ ಹಿಡಿದು ಆಡುತ್ತಿದ್ದ. ಆಟಿಕೆ ಎಂದು ತೋರಿಸುವ ಕಿತ್ತಳೆ ಬಣ್ಣದ ತುದಿ ಅದರಲ್ಲಿ ಇರಲಿಲ್ಲ. ಕಾರಿನಿಂದ ಇಳಿದ ಪೊಲೀಸ್ ಕ್ಷಣಗಳಲ್ಲಿ ಗುಂಡು ಹಾರಿಸಿದ. ಹುಡುಗ ಉಳಿಯಲಿಲ್ಲ. ಅಲ್ಲಿ ಬಣ್ಣದ ಜೊತೆಗೆ ಹುಡುಗನ ಚರ್ಮದ ಬಣ್ಣದ ಪ್ರಶ್ನೆಯೂ ಇತ್ತು, ಅದು ಬೇರೆಯೇ ಬರಹ. ನಮ್ಮಲ್ಲೂ ಆಟಿಕೆ ಪಿಸ್ತೂಲ್ ತೋರಿಸಿ ಸುಲಿಗೆ ಮಾಡಿದ ಸುದ್ದಿಗಳನ್ನು ನಾವೇ ಬರೆಯುತ್ತೇವೆ. ಕತ್ತಲಲ್ಲಿ ಎದೆಗೆ ಹಿಡಿದಾಗ ಜೌಲ್ ಅಳೆಯುತ್ತಾ ಕೂರಲು ಯಾರಿಗೂ ಆಗುವುದಿಲ್ಲ.

ಹಾಗಾಗಿ ನನ್ನ ತಕರಾರು ನಿರ್ಬಂಧದ ಮೇಲಲ್ಲ. ಮುಚ್ಚಬೇಕಾದ ಬಾಗಿಲು ತೆರೆದಿದೆ, ತೆರೆಯಬೇಕಾದ ಕಿಟಕಿಗೆ ಬೀಗ ಬಿದ್ದಿದೆ.

ತೆರೆದ ಬಾಗಿಲು ಯಾವುದು ಎಂದರೆ, ನಿಮ್ಮೂರಿನ ಜಾತ್ರೆಗೆ ಹೋಗಿ. ಬಳೆ ಅಂಗಡಿ, ಬೆಂಡು ಬತ್ತಾಸಿನ ಸಾಲು ದಾಟಿದರೆ ಆಟಿಕೆ ಸಾಲು. ಅಲ್ಲಿ ನೂರೋ ಇನ್ನೂರೋ ಕೊಟ್ಟರೆ ಕರಿ ಬಣ್ಣದ ಸ್ಪ್ರಿಂಗ್ ಪಿಸ್ತೂಲ್, ಜೊತೆಗೆ ಒಂದು ಚೀಟು ಹಳದಿ ಪ್ಲಾಸ್ಟಿಕ್ ಗುಂಡು. ಅದೇ 6 ಮಿಲಿಮೀಟರ್. ಹೆಸರು ಮಾತ್ರ ಏರ್‌ಸಾಫ್ಟ್ ಅಲ್ಲ, 'ಮಕ್ಕಳ ಗನ್'. ಐದು ವರ್ಷದ ಮಗು ಅದನ್ನು ತಂಗಿಯ ಮುಖಕ್ಕೆ ಹಿಡಿಯುತ್ತದೆ. ಕೈಗೆ ಬಿದ್ದರೆ ಚುರ್ ಎನ್ನುವ ಆ ಗುಂಡು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಆಟಿಕೆಯ ಮೇಲೆ ಐಎಸ್‌ಐ ಗುರುತು ಇರಲೇಬೇಕು. ಗುಂಡು ಚಿಮ್ಮಿಸುವ ಆಟಿಕೆಗೆ ಎಷ್ಟು ಜೋರಿರಬಹುದು ಎಂಬುದಕ್ಕೂ ಆ ಮಾನದಂಡದಲ್ಲಿ ಮಿತಿ ಇದೆ. ಜಾತ್ರೆಯ ಸಾಲಿನಲ್ಲಿ ನಾನು ಆ ಗುರುತು ಹುಡುಕಿದ್ದೇನೆ. ನೀವೂ ಹುಡುಕಿ, ಸಿಕ್ಕರೆ ಫೋಟೊ ಕಳಿಸಿ. ತಿನ್ನುವ ಅಂಗಡಿಗಳನ್ನು ತಪಾಸಣೆ ಮಾಡುವವರು ಬರುವುದನ್ನು ಕಂಡಿದ್ದೇನೆ, ಆಟಿಕೆ ಅಂಗಡಿಗೆ ಬಂದದ್ದನ್ನು ಕಂಡಿಲ್ಲ.

ಎರಡನೇ ತೆರೆದ ಬಾಗಿಲು ಏರ್‌ಗನ್. ಅದನ್ನು ಕೊಳ್ಳುವ ಎಲ್ಲರೂ ಗುರಿ ಕಲಿಯಲು ಕೊಳ್ಳುತ್ತಾರೆ ಎಂದು ನಂಬುವಷ್ಟು ಮುಗ್ಧರು ನಾವಲ್ಲ. ಕೆರೆ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋಗುವವರ ಬೆನ್ನ ಮೇಲಿನ ಉದ್ದ ಚೀಲದಲ್ಲಿ ಏನಿರುತ್ತದೆ ಎಂದು ಊರಿಗೆಲ್ಲ ಗೊತ್ತು. 1972ರ ವನ್ಯಜೀವಿ ಕಾಯ್ದೆ ಇದೆ, ಹಕ್ಕಿ ಹೊಡೆದರೆ ಅಪರಾಧ. ಹೊಡೆದವನನ್ನು ಹಿಡಿಯುವುದು ಕಷ್ಟ ಎಂದು ಅರುಣಾಚಲ ಪ್ರದೇಶದಲ್ಲಿ ಬೇರೆ ದಾರಿ ಹಿಡಿದರು. 2021ರ ಮಾರ್ಚಿನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ದುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಜನ ತಾವಾಗಿಯೇ ತಂದು ಒಪ್ಪಿಸಿದ ಗನ್‌ಗಳು 2000 ದಾಟಿದವು. ಒಂದು ರಾಜ್ಯದ ಕಾಡನ್ನೇ ಮೌನ ಮಾಡಬಲ್ಲ ವಸ್ತು ಯಾವುದು, ಸ್ಟೇಟಸ್ ಹುಡುಗನ ಪಿಸ್ತೂಲೋ ಅಂಗಡಿಯ ಏರ್‌ಗನ್ನೋ, ನೀವೇ ಹೇಳಿ.

ಇನ್ನು ಬೀಗ ಬಿದ್ದ ಕಿಟಕಿ. ಏರ್‌ಸಾಫ್ಟ್ ಹುಟ್ಟಿದ್ದು ಜಪಾನಿನಲ್ಲಿ, ಸಾಮಾನ್ಯ ಮನುಷ್ಯನಿಗೆ ನಿಜವಾದ ಬಂದೂಕು ಸಿಗುವುದು ಬಹಳ ಕಷ್ಟವಿರುವ ದೇಶದಲ್ಲಿ. ಅಲ್ಲಿ ಅದಕ್ಕೆ ಸುಮಾರು 1 ಜೌಲ್‌ನ ಮಿತಿ ಹಾಕಿ ಆಟವಾಗಿ ಉಳಿಸಿಕೊಂಡರು. ಬ್ರಿಟನ್ನಿನಲ್ಲಿ 2006ರ ಕಾಯ್ದೆ ಥೇಟ್ ಬಂದೂಕಿನಂತಿರುವ ನಕಲುಗಳ ಮಾರಾಟ ನಿಲ್ಲಿಸಿತು, ಆದರೆ ನೋಂದಾಯಿತ ಮೈದಾನದಲ್ಲಿ ನಿಯಮಿತವಾಗಿ ಆಡುವವರಿಗೆ ದಾರಿ ಬಿಟ್ಟಿತು. ಉಳಿದವರು ಕಡುಬಣ್ಣ ಬಳಿದದ್ದನ್ನು ಕೊಳ್ಳಬಹುದು. 2017ರಲ್ಲಿ ಮತ್ತೊಂದು ಕಾಯ್ದೆ ಬಂದು ಒಂದೊಂದೇ ಗುಂಡು ಹೊಡೆಯುವುದಕ್ಕೆ 2.5 ಜೌಲ್, ಸತತವಾಗಿ ಹೊಡೆಯುವುದಕ್ಕೆ 1.3 ಜೌಲ್ ಎಂದು ಗೆರೆ ಎಳೆಯಿತು. ನಾವು ಬ್ರಿಟಿಷರಿಂದ ತಂದ ಕಾನೂನುಗಳನ್ನು ನೂರು ವರ್ಷ ಹೊತ್ತುಕೊಂಡವರು, ಇಂಥದ್ದೊಂದನ್ನು ಮಾತ್ರ ನೋಡಲು ಹೋಗುವುದಿಲ್ಲ. ಕಡುಬಣ್ಣ, 18 ವರ್ಷ, ಶಕ್ತಿಗೆ ಮಿತಿ, ನೋಂದಾಯಿತ ಮೈದಾನದ ಹೊರಗೆ ಚೀಲದಿಂದ ತೆಗೆಯಬಾರದು. ನಾಲ್ಕು ಮಾತಿನ ನಿಯಮ ಇದು. ಬರೆಯಲು ಸಮಿತಿ ಬೇಕಿಲ್ಲ.

ಅದು ಬರುವವರೆಗೆ ಹವ್ಯಾಸಿ ಏನು ಮಾಡಬೇಕು? ಬೆಂಗಳೂರಿನವರಿಗೆ ಪೇಂಟ್‌ಬಾಲ್ ಇದೆ, ಲೇಸರ್ ಟ್ಯಾಗ್ ಇದೆ. ದುಡ್ಡು ಕೊಟ್ಟು ಒಂದು ಗಂಟೆ ಆಡಿ ಬರುತ್ತಾರೆ. ಆನ್‌ಲೈನಿನಲ್ಲಿ ಜೆಲ್ ಗನ್ ಸಿಗುತ್ತದೆ, ಅದರ ಗುಂಡು ನೀರಲ್ಲಿ ನೆನೆಸಿದರೆ ಸಾಬೂದಾನಿಯಂತೆ ಉಬ್ಬುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಒಣಗಿದ ಗುಂಡು ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳು ಕಟ್ಟುತ್ತದೆ. ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ಅದನ್ನೂ ಬಂದೂಕಿನ ಕಾನೂನಿನೊಳಗೆ ಎಳೆದುಕೊಂಡಿವೆ.

ನಮ್ಮ ಕಡೆಯ ಹುಡುಗರಿಗೆ ನಾನು ಹೇಳುವ ದಾರಿ 10 ಮೀಟರ್ ಏರ್ ರೈಫಲ್. ಇದೂ .177, ಆದರೆ ಸ್ಪರ್ಧೆಯ ರೈಫಲ್ಲಿನ ಶಕ್ತಿ ಸಾಮಾನ್ಯವಾಗಿ 7-8 ಜೌಲ್ ಅಷ್ಟೇ. ಗುರಿ ಫಲಕದ ನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಅದಕ್ಕೆ ಹೊಡೆಯಲು ಓಡಬೇಕಿಲ್ಲ, ಅಡಗಬೇಕಿಲ್ಲ, ಸಿನಿಮಾ ಹೀರೋ ಥರ ನಿಲ್ಲಬೇಕಿಲ್ಲ. ಉಸಿರು ಹಿಡಿದು ನಿಲ್ಲಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು ಇದೇ ದೂರದ ಪಿಸ್ತೂಲಿನಲ್ಲಿ. ಬಂದೂಕು ಹಿಡಿಯುವ ಆಸೆ ನಮ್ಮ ನೆಲಕ್ಕೆ ಹೊಸದೇನಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಟ್ಟು, ಆ ಆಸೆಗೊಂದು ದಿನ, ಒಂದು ಜಾಗ, ನೋಡಿಕೊಳ್ಳಲು ನಾಲ್ಕು ಹಿರಿಯರು ಎಂದು ಗೊತ್ತುಮಾಡಿಕೊಂಡಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಆ ಆಸೆಗಿರುವ ಜಾಗ ಜಾತ್ರೆಯ ಬಲೂನ್ ಅಂಗಡಿ ಮಾತ್ರ. ಅಲ್ಲಿನ ಗನ್ನಿನ ಗುರಿ ಸೊಟ್ಟ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಎನ್‌ಸಿಸಿಗೆ ಸೇರಿದವರಿಗೆ .22 ರೈಫಲ್ ಮುಟ್ಟುವ ಭಾಗ್ಯ ಉಂಟು, ಆದರೆ ತಾಲ್ಲೂಕಿನ ಎಷ್ಟು ಕಾಲೇಜುಗಳಲ್ಲಿ ಎನ್‌ಸಿಸಿ ಇದೆ?

ಈಗ ಜಾಗದ ಮಾತು. 10 ಮೀಟರ್ ಎಂದರೆ ಎರಡು ಕ್ಲಾಸ್‌ರೂಮು ಉದ್ದಕ್ಕೆ ಜೋಡಿಸಿದಷ್ಟು. ಹಿಂದೆ ಗಟ್ಟಿ ಗೋಡೆ, ಗುಂಡು ಹಿಡಿಯಲು ಕಬ್ಬಿಣದ ಪೆಟ್ಟಿಗೆ, ಕಾಗದದ ಗುರಿ ಫಲಕ, ಕಣ್ಣಿಗೆ ಕನ್ನಡಕ, ಬೀಗ ಹಾಕುವ ಕಪಾಟು, ಒಬ್ಬ ತರಬೇತಿ ಆದ ಮನುಷ್ಯ. ಒಲಿಂಪಿಕ್ಸ್‌ಗೆ ಹೋಗುವ ರೈಫಲ್‌ಗೆ ಲಕ್ಷಗಟ್ಟಲೆ ಬೇಕು, ಕಲಿಯುವವನಿಗೆ ದೇಶದಲ್ಲೇ ಮಾಡಿದ್ದು ಕೆಲವು ಸಾವಿರಕ್ಕೆ ಸಿಗುತ್ತದೆ. ಜಿಲ್ಲಾ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಹಳೆ ಫ್ಲೆಕ್ಸು, ಮುರಿದ ಕುರ್ಚಿ ತುಂಬಿದ ಕೋಣೆಗಳಿವೆ. ಸ್ವಾತಂತ್ರ್ಯ ದಿನದ ವರದಿಗೆ ಹೋದಾಗಲೆಲ್ಲ ನೋಡುತ್ತೇನೆ. ಅದರಲ್ಲೊಂದು ಸಾಕು.

ಇದನ್ನೇ ಬರೆದು ಕ್ರೀಡಾ ಇಲಾಖೆಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಸಹಿ ಹಾಕಿದವರು 31 ಜನ, ಅದರಲ್ಲಿ 9 ಹುಡುಗಿಯರು. ಪೊಲೀಸ್ ಇಲಾಖೆಗೆ ಇನ್ನೊಂದು ಅರ್ಜಿ: ಏರ್‌ಗನ್, ಪ್ರತಿಕೃತಿ, ಆಟಿಕೆ, ಈ ಮೂರಕ್ಕೂ ಏನು ವ್ಯತ್ಯಾಸ, ಯಾವುದಕ್ಕೆ ಏನು ನಿಯಮ ಎಂದು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಪ್ರತಿ ಠಾಣೆಯ ಗೋಡೆಗೆ ಅಂಟಿಸಿ ಎಂದು. ಸ್ಟೇಟಸ್ ಹುಡುಗ ಎರಡಕ್ಕೂ ಸಹಿ ಹಾಕಿಲ್ಲ, ಅವನ ಅಪ್ಪ ಬೇಡ ಎಂದರು. ಮೊದಲ ಅರ್ಜಿಗೆ ಸ್ವೀಕೃತಿ ಸಿಕ್ಕಿದೆ. ಎರಡನೆಯದನ್ನು ಟಪಾಲು ವಿಭಾಗದಲ್ಲಿ ಸೀಲು ಹಾಕದೆ ಇಟ್ಟುಕೊಂಡಿದ್ದಾರೆ, ಸೋಮವಾರ ಮತ್ತೆ ಹೋಗುತ್ತೇನೆ.