ಸಹಿ ಯಾರದ್ದು, ಹೊಟ್ಟೆ ಯಾರದ್ದು?

ಬಜಪೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆವು. ನಮ್ಮ ಕೇರಿಯ ಅಣ್ಣನೊಬ್ಬ ಅಂಗಿ ಕಿಸೆಯಿಂದ ಎರಡು ಕಾಗದ ತೆಗೆದ. "ನೀವು ಕಾಲೇಜು ಕಲಿತವರಲ್ವಾ, ಇದ್ರಲ್ಲಿ ಎಂತ ಉಂಟು ಓದಿ ಹೇಳಿ ಮಾರಾಯ್ರೆ" ಅಂದ. ಒಂದು ಕಾಗದ, ಅವನ ಕಾರ್ಖಾನೆಯ ಕೆಲಸಗಾರರೆಲ್ಲ ಸಭೆ ಸೇರಿ ಕೈಯೆತ್ತಿ ಒಪ್ಪಿದ ಮೂರು ವರ್ಷದ ಒಪ್ಪಂದ. ಇನ್ನೊಂದು, ವರ್ಷ ತುಂಬುವ ಮೊದಲೇ ಮುಖಂಡರು ಮಾಲೀಕರ ಜೊತೆ ಕೂತು ಸಹಿ ಹಾಕಿದ ತಿದ್ದುಪಡಿ. ಪಾಳಿ ಬದಲು, ಭತ್ಯೆ ಕಡಿತ. ಅಣ್ಣನನ್ನು ಯಾರೂ ಕೇಳಿರಲಿಲ್ಲ. ಸಂಘದ ಚಂದಾ ಮಾತ್ರ ತಪ್ಪದೆ ವಸೂಲಾಗಿತ್ತು.

ನಮಗೆ ಗೇಣಿ ನೆನಪಾಯಿತು. ಈ ಜಿಲ್ಲೆಯಲ್ಲಿ ಮೂಲಗೇಣಿ ಇತ್ತು, ಚಾಲಗೇಣಿ ಇತ್ತು. ಮೂಲಗೇಣಿದಾರನ ಗೇಣಿ ನಿಗದಿ, ಹಕ್ಕು ಖಾಯಂ. ಚಾಲಗೇಣಿಯವನದ್ದು ಧಣಿಯ ಮರ್ಜಿ. ಏರಿಸು ಅಂದರೆ ಏರಿಸಬೇಕು, ಏಳು ಅಂದರೆ ಏಳಬೇಕು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಗೇಣಿದಾರ ಒಡೆಯನಾದ. ಗೇಣಿಯ ಹಕ್ಕೂ ಇಲ್ಲದೆ ಆಳಾಗಿ ದುಡಿದ ನಮ್ಮ ಅಜ್ಜಂದಿರು ಬಹುಪಾಲು ಬರಿಗೈಯಲ್ಲೇ ಉಳಿದರು. ಈಗ ಮೊಮ್ಮಕ್ಕಳ ಕೈಗೆ ಒಂದು ಕಾಗದ ಬಂದಿದೆ. ಅದನ್ನೂ ಚಾಲಗೇಣಿ ಮಾಡಲು ಹೊರಟಿದ್ದಾರೆ.

ಕಾನೂನು ಇಲ್ಲವೇ? ಉಂಟು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9-ಎ ಕಲಮು, ಸಂಬಳ, ಭತ್ಯೆ, ಪಾಳಿ, ರಜೆ ಬದಲಿಸುವ ಮುಂಚೆ 21 ದಿನದ ನೋಟಿಸು ಕೊಡು ಅಂತ ಮಾಲೀಕನಿಗೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನೇ ಹೇಳುತ್ತದೆ. ಒಪ್ಪಂದದ ಅವಧಿ ಮುಗಿದರೂ, ಲಿಖಿತ ನೋಟಿಸು ಕೊಟ್ಟು 60 ದಿನ ಕಳೆಯುವ ತನಕ ಅದು ಜೀವಂತ. ಓದುವಾಗ ಎದೆ ತಣ್ಣಗಾಗುತ್ತದೆ.

ಆದರೆ ಅಲ್ಲೇ ಒಂದು ಕಿಂಡಿ. ಹೊಸ ಒಪ್ಪಂದದ ಮೂಲಕ ಬದಲಾವಣೆ ಆದರೆ 21 ದಿನದ ನೋಟಿಸು ಬೇಕಿಲ್ಲ! ಅಂದರೆ ಮಾಲೀಕನಿಗೆ ಬೇಕಾದದ್ದು ಮುಖಂಡರ ಸಹಿ ಮಾತ್ರ. ಅದೂ ಸಂಧಾನಾಧಿಕಾರಿಯ ಎದುರು ಆದ ಒಪ್ಪಂದವಾದರೆ ಸಂಘದ ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವನಿಗೂ ಅನ್ವಯ. 1976ರಲ್ಲಿ ಹರ್ಬರ್ಟ್‌ಸನ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಾನ್ಯತೆ ಪಡೆದ ಸಂಘ ಮಾತುಕತೆಗೆ ಕೂತ ಮೇಲೆ ಒಪ್ಪಂದದ ಪರಿಣಾಮ ಒಬ್ಬೊಬ್ಬ ಕೆಲಸಗಾರನಿಗೂ ತಿಳಿದಿರಬೇಕಾದ್ದಿಲ್ಲ ಎಂದಿತು. ತಿಳಿಯಬೇಕಾದ್ದಿಲ್ಲವಂತೆ! ಈ ಮಾತು ನಮ್ಮ ಕಿವಿಗೆ ಹೊಸದೇ? ವೇದದ ಕಾಲದಿಂದ ಕೇಳಿ ಬಂದದ್ದೇ ಅಲ್ಲವೇ?

ಮಾತುಕತೆಯ ಮೇಜನ್ನೇ ಎತ್ತಿಬಿಟ್ಟರೆ ಏನಾಗುತ್ತದೆಂದು ನಮ್ಮ ಸಾರಿಗೆ ನೌಕರರನ್ನು ಕೇಳಿ. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಪದ್ಧತಿ. 2020ರ ಜನವರಿಗೆ ಆಗಬೇಕಾದದ್ದು 2023ರ ಮಾರ್ಚಿನಲ್ಲಿ ಸರ್ಕಾರದ ಆದೇಶವಾಗಿ ಬಂತು, ಶೇಕಡಾ 15. ನಡುವಿನ 38 ತಿಂಗಳ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಬಸ್ಸು ನಿಲ್ಲಿಸಿದರು. ಹೈಕೋರ್ಟು ಗದರಿತು, ಅದೇ ದಿನ ಮುಷ್ಕರ ನಿಂತಿತು.

"ಎಲ್ಲದಕ್ಕೂ ಸಭೆ ಕರೆದರೆ ಸಂಘ ಒಡೆಯುತ್ತದೆ" ಅಂತ ಮುಖಂಡರು ಹೇಳುತ್ತಾರೆ. ಎಲ್ಲರೂ ಕಳ್ಳರೆಂದು ನಾವು ಅನ್ನುವುದಿಲ್ಲ. ಜೈಲಿಗೆ ಹೋದವರು, ಕೆಲಸ ಕಳಕೊಂಡವರು ಅವರಲ್ಲಿದ್ದಾರೆ. ಆದರೆ ಕೈಯೆತ್ತಿ ಒಪ್ಪಿದ್ದನ್ನು ಬದಲಿಸಲು ಮತ್ತೆ ಕೈಯೆತ್ತಿಸಲೇಬೇಕು. ಸಂಘ ಒಡೆಯುವುದು ಕೇಳಿದ್ದರಿಂದಲ್ಲ, ಮುಚ್ಚಿಟ್ಟದ್ದರಿಂದ. ಸದಸ್ಯರ ಮತ ಕೇಳಲೇಬೇಕೆಂದು ಈ ದೇಶದ ಕಾನೂನು ಹೇಳುವುದಿಲ್ಲ. ಹಾಗಾದರೆ ಸಂಘದ ನಿಯಮಾವಳಿಯಲ್ಲಿ ನಾವೇ ಬರೆಸೋಣ: ತಿದ್ದುಪಡಿಯ ಕರಡು ಕನ್ನಡದಲ್ಲಿ ಗೇಟಿನ ಹತ್ತಿರ ಅಂಟಿಸಬೇಕು, ಓದು ಬಾರದವರಿಗೆ ಓದಿ ಹೇಳಬೇಕು, ಮತ ಹಾಕದೆ ಸಹಿ ಇಲ್ಲ.

1938ರ ನವೆಂಬರ್ 7ರಂದು ಬಾಬಾಸಾಹೇಬರು ಮುಂಬಯಿಯ ಗಿರಣಿ ಕೆಲಸಗಾರರ ಜೊತೆ ಬೀದಿಗೆ ಇಳಿದರು. ಮುಷ್ಕರದ ಹಕ್ಕು ಕಸಿಯುವ ಮಸೂದೆಯ ವಿರುದ್ಧ ಆ ಒಂದು ದಿನದ ಮುಷ್ಕರ. ಆ ಮಸೂದೆಯನ್ನು ಅಕ್ಷರ ಅಕ್ಷರ ಓದಿದ್ದಕ್ಕೇ ಅವರಿಗೆ ಅದರ ಹಲ್ಲು ಕಂಡದ್ದು.

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋಗ್ತೀರಲ್ಲ? ಅಪ್ಪನ ಕಿಸೆಯ ಕಾಗದ, ಅಮ್ಮನ ಬೀಡಿ ಲೆಕ್ಕದ ಪುಸ್ತಕ ಕೇಳಿ ಈಸಿಕೊಳ್ಳಿ. ಗಟ್ಟಿಯಾಗಿ ಓದಿ. ಪಕ್ಕದ ಮನೆಯವರನ್ನೂ ಕರೆಯಿರಿ. ಹಾಸ್ಟೆಲಿನ ಅನ್ನ ತಿಂದು ಕಲಿತ ಅಕ್ಷರ ನಮ್ಮ ಕೇರಿಗೆ ಸಲ್ಲಬೇಕಾದ ಸಾಲ. ತೀರಿಸೋಣ.