ಗುಂಡಿಗೆಯ ಮಾತು, ಮೂತ್ರಪಿಂಡದ ಕಿವಿ

ಹೃದಯ ದುರ್ಬಲವಾಗಿದೆ ಎಂದು ತಿಳಿದ ರೋಗಿ ವೈದ್ಯರ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಾಗ ಅವನ ಮನಸ್ಸಿನಲ್ಲಿ ಒಂದು ಅನುಮಾನ ಏಳುವುದುಂಟು: ‘ನನಗೆ ಬಿಪಿಯೇ ಇಲ್ಲವಲ್ಲ, ಬಿಪಿ ಮಾತ್ರೆ ಯಾಕೆ ಕೊಟ್ಟರು?’ ಚೀಟಿಯಲ್ಲಿ ಬಡಿತ ನಿಧಾನಿಸುವ ಮಾತ್ರೆ ಇದೆ, ರಕ್ತನಾಳ ಸಡಿಲಿಸುವ ಮಾತ್ರೆ ಇದೆ, ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ಸೋತ ಹೃದಯಕ್ಕೆ ಬಲ ತುಂಬುವ ಮಾತ್ರೆ ಮಾತ್ರ ಕಾಣುವುದಿಲ್ಲ. ಈ ಅನುಮಾನ ದಡ್ಡತನದ್ದಲ್ಲ. ಹೃದಯವೆಂದರೆ ಒಂದು ಪಂಪು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಪಂಪು ಸೋತರೆ ಪಂಪನ್ನೇ ತಾನೇ ರಿಪೇರಿ ಮಾಡಬೇಕು? ಆದರೆ ಹೃದಯ ಪಂಪು ಮಾತ್ರವಲ್ಲ, ಉಳಿದ ಅಂಗಗಳೊಡನೆ ಎಡೆಬಿಡದೆ ಮಾತನಾಡುವ ಅಂಗ. ಹೃದಯ ವೈಫಲ್ಯ ಎನ್ನುವ ಕಾಯಿಲೆಯಲ್ಲಿ ಸ್ನಾಯು ಸೋತದ್ದು ಎಷ್ಟು ಮುಖ್ಯವೋ ಆ ಮಾತುಕತೆ ಕೆಟ್ಟದ್ದೂ ಅಷ್ಟೇ ಮುಖ್ಯ. ಚೀಟಿಯಲ್ಲಿರುವ ಮಾತ್ರೆಗಳು ಸರಿಪಡಿಸುವುದು ಆ ಮಾತುಕತೆಯನ್ನು.

ರಕ್ತ ದೇಹದಲ್ಲಿ ಸುತ್ತುತ್ತದೆ, ಅದನ್ನು ಸುತ್ತಿಸುವುದು ಹೃದಯ ಎಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿಕೊಟ್ಟ. ಆ ಸತ್ಯ ಎಷ್ಟು ದೊಡ್ಡದಾಗಿತ್ತೆಂದರೆ, ಹೃದಯಕ್ಕೆ ಬೇರೆ ಕೆಲಸವೂ ಇರಬಹುದೆಂಬ ಯೋಚನೆಗೆ ಶತಮಾನಗಳ ಕಾಲ ಜಾಗವೇ ಸಿಗಲಿಲ್ಲ. 1956ರಲ್ಲಿ ಎರಡು ಸುಳಿವುಗಳು ಸಿಕ್ಕವು. ನಾಯಿಯ ಎಡ ಹೃತ್ಕರ್ಣದೊಳಗೆ ಪುಟ್ಟ ಬಲೂನು ಉಬ್ಬಿಸಿದಾಗ ಮೂತ್ರ ಹೆಚ್ಚಾಯಿತು. ಅದೇ ವರ್ಷ, ಹೃತ್ಕರ್ಣದ ಜೀವಕೋಶಗಳಲ್ಲಿ ಗ್ರಂಥಿಗಳಲ್ಲಿರುವಂಥ ಸಣ್ಣ ಸಣ್ಣ ಕಣಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಂಡವು. ಆ ಕಣಗಳು ಏನೆಂದು ತಿಳಿಯಲು ಕಾಲು ಶತಮಾನ ಬೇಕಾಯಿತು. ಅರ್ಜೆಂಟೀನಾ ಮೂಲದ ವಿಜ್ಞಾನಿ ಅಡಾಲ್ಫೊ ಡಿ ಬೋಲ್ಡ್ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಮಾಡಿದ ಪ್ರಯೋಗ ಬಹಳ ಸರಳ. ಇಲಿಯ ಹೃತ್ಕರ್ಣಗಳನ್ನು ಅರೆದು, ಅದರ ಸಾರ ತೆಗೆದು, ಅರಿವಳಿಕೆಯಲ್ಲಿದ್ದ ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ನಿಮಿಷಗಳಲ್ಲೇ ಆ ಇಲಿಗಳ ಮೂತ್ರ ಸುಮಾರು ಹತ್ತು ಪಟ್ಟು ಏರಿತು. ಅದರಲ್ಲಿ ಹೊರಬಿದ್ದ ಸೋಡಿಯಂ ಮೂವತ್ತು ಪಟ್ಟಿಗೂ ಹೆಚ್ಚು. ಹೃತ್ಕುಕ್ಷಿಯ ಸಾರ ಚುಚ್ಚಿದಾಗ ಇದೇನೂ ಆಗಲಿಲ್ಲ. 1981ರಲ್ಲಿ ಪ್ರಕಟವಾದ ಈ ಫಲಿತಾಂಶ, ಹೃದಯವೂ ಒಂದು ಹಾರ್ಮೋನು ಗ್ರಂಥಿ ಎಂಬುದಕ್ಕೆ ದಾರಿ ತೆರೆಯಿತು.

ಆ ಕಣಗಳಲ್ಲಿದ್ದ ಹಾರ್ಮೋನಿಗೆ ಎಎನ್‌ಪಿ ಎಂದು ಹೆಸರಾಯಿತು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಸೋದರನಂಥ ಬಿಎನ್‌ಪಿಯನ್ನು ಕಂಡುಹಿಡಿದರು. ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ, ಆದರೆ ಅದರ ಮುಖ್ಯ ನೆಲೆ ಹೃದಯವೇ ಎಂದು ಆಮೇಲೆ ತಿಳಿಯಿತು. ಇವು ಹೇಳುವ ಮಾತು ನೇರವಾದದ್ದು. ರಕ್ತ ಹೆಚ್ಚಾಗಿ ಬಂದು ಹೃದಯದ ಗೋಡೆ ಹಿಗ್ಗಿದರೆ, ‘ಇಲ್ಲಿ ನೀರು ಹೆಚ್ಚಾಗಿದೆ, ಉಪ್ಪನ್ನೂ ನೀರನ್ನೂ ಹೊರಹಾಕು’ ಎಂಬ ಸಂದೇಶ ರಕ್ತದ ಮೂಲಕವೇ ಮೂತ್ರಪಿಂಡಕ್ಕೆ ಹೋಗುತ್ತದೆ. ರಕ್ತನಾಳಗಳಿಗೆ ಸಡಿಲವಾಗಲು ಹೇಳುತ್ತದೆ, ಉಪ್ಪು ಹಿಡಿದಿಡುವ ಹಾರ್ಮೋನುಗಳನ್ನು ತಗ್ಗಿಸುತ್ತದೆ. ಉಸಿರಾಡಲು ಕಷ್ಟಪಡುತ್ತ ಬಂದ ರೋಗಿಯ ತೊಂದರೆ ಶ್ವಾಸಕೋಶದ್ದೋ ಹೃದಯದ್ದೋ ಎಂದು ತಿಳಿಯಲು ಇಂದು ಆಸ್ಪತ್ರೆಗಳಲ್ಲಿ ರಕ್ತದ ಬಿಎನ್‌ಪಿ ಅಳೆಯುತ್ತಾರೆ. ಹೃದಯ ಕಳಿಸುತ್ತಿರುವ ಸಂದೇಶವನ್ನು ವೈದ್ಯರು ನಡುದಾರಿಯಲ್ಲಿ ಓದಿಕೊಳ್ಳುವ ಕ್ರಮ ಇದು.

ಹೃದಯ ಸೋತಾಗ ಈ ಮಾತುಕತೆ ಎಲ್ಲಿ ಕೆಡುತ್ತದೆ? ಸೋತ ಹೃದಯದಿಂದ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡಕ್ಕೆ ಕಾರಣ ಗೊತ್ತಿಲ್ಲ. ಗಾಯವಾಗಿ ರಕ್ತ ಹೋದಾಗಲೂ ವಾಂತಿ ಭೇದಿಯಾಗಿ ನೀರು ಬತ್ತಿದಾಗಲೂ ಅದಕ್ಕೆ ಮುಟ್ಟುವ ಸುದ್ದಿ ಇದೇ. ಹಾಗಾಗಿ ಅದು ರೆನಿನ್ ಎಂಬ ಕಿಣ್ವ ಸುರಿಸಿ, ರಕ್ತನಾಳಗಳನ್ನು ಬಿಗಿಸಿ, ಉಪ್ಪು ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ರಕ್ತ ಸುರಿಸಿಕೊಂಡವನ ಜೀವ ಉಳಿಸುವ ಈ ಕ್ರಮ ಹೃದಯ ಸೋತವನನ್ನು ಮುಳುಗಿಸುತ್ತದೆ. ಸಂಜೆಯ ಹೊತ್ತಿಗೆ ಅವನ ಕಣಕಾಲು ಊದಿ, ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತದಲ್ಲ, ಅಲ್ಲಿ ತುಂಬಿಕೊಂಡದ್ದು ಮೂತ್ರಪಿಂಡ ತಪ್ಪು ತಿಳಿದು ಕೂಡಿಟ್ಟ ನೀರು.

ಮೂಲದಲ್ಲಿ ಸೋತದ್ದು ಪಂಪೇ ಅಲ್ಲವೇ, ಅದನ್ನೇ ಬಲಪಡಿಸಿದರಾಯಿತು ಎಂಬ ವಾದವನ್ನು ವೈದ್ಯಲೋಕವೂ ನಂಬಿತ್ತು, ಪರೀಕ್ಷಿಸಿಯೂ ನೋಡಿತು. ಹೃದಯವನ್ನು ಜೋರಾಗಿ ಕುಗ್ಗುವಂತೆ ಮಾಡುವ ಮಿಲ್ರಿನೋನ್ ಮಾತ್ರೆಯನ್ನು ತೀವ್ರ ವೈಫಲ್ಯದ ರೋಗಿಗಳಿಗೆ ದೀರ್ಘಕಾಲ ಕೊಟ್ಟ ಅಧ್ಯಯನ 1991ರಲ್ಲಿ ಪ್ರಕಟವಾಯಿತು: ಸಾವು ಶೇ 28ರಷ್ಟು ಹೆಚ್ಚಾಗಿತ್ತು. ಬಳಲಿದ ಎತ್ತಿಗೆ ಚಾಟಿ ಬೀಸಿದಂತಾಯಿತು. ಇದಕ್ಕೆ ಎದುರಾಗಿ, ರೆನಿನ್ ಹೂಡುವ ಸರಪಳಿಯನ್ನು ತುಂಡರಿಸುವ ಎನಾಲಪ್ರಿಲ್ ಅನ್ನು ಉತ್ತರ ಯುರೋಪಿನಲ್ಲಿ 253 ರೋಗಿಗಳ ಮೇಲೆ ಪರೀಕ್ಷಿಸಿದ್ದರು. 1987ರ ಆ ವರದಿಯಂತೆ ಆರು ತಿಂಗಳಲ್ಲಿ ಬರಿಯ ಹುಸಿಮಾತ್ರೆ ಪಡೆದವರಲ್ಲಿ ಶೇ 44 ಮಂದಿ ತೀರಿಕೊಂಡರೆ ಎನಾಲಪ್ರಿಲ್ ಪಡೆದವರಲ್ಲಿ ಶೇ 26. ಸೋತ ಹೃದಯಕ್ಕೆ ವಿಷವೆಂದೇ ಬಹುಕಾಲ ಹೆದರಿದ್ದ, ಬಡಿತ ನಿಧಾನಿಸುವ ಬೀಟಾ ಬ್ಲಾಕರ್‌ಗಳು ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದ್ದು 1999ರ ದೊಡ್ಡ ಅಧ್ಯಯನಗಳಲ್ಲಿ ಕಂಡಿತು. ನರಗಳು ಹೃದಯವನ್ನು ಹಗಲಿರುಳು ಗದರಿಸಿ ಓಡಿಸುವುದನ್ನು ಅವು ತಡೆಯುತ್ತವೆ, ಅಷ್ಟೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಾತೇ ಮದ್ದಾದರೆ ಬಿಎನ್‌ಪಿಯನ್ನೇ ರಕ್ತಕ್ಕೆ ಹರಿಸಿದರೆ ಸಾಲದೇ? ಅದನ್ನೂ ಮಾಡಿ ನೋಡಿದರು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು: ಸಾವಾಗಲಿ ಆಸ್ಪತ್ರೆಗೆ ಮರಳುವುದಾಗಲಿ ಕಡಿಮೆಯಾಗಿರಲಿಲ್ಲ. ಇದರಿಂದ ವಾದ ಬಿದ್ದುಹೋಗುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ. ಒಬ್ಬರ ದನಿ ಏರಿಸಿದ ಮಾತ್ರಕ್ಕೆ ಸಂವಾದ ಸರಿಹೋಗದು. ಎದುರಿನ ಗದ್ದಲವೂ ಅಡಗಬೇಕು. ಹೃದಯದ ಸ್ವಂತ ಹಾರ್ಮೋನನ್ನು ಕರಗದಂತೆ ಉಳಿಸುವ ಸಕ್ಯುಬಿಟ್ರಿಲ್ ಮತ್ತು ಎದುರು ದನಿಯನ್ನು, ಅಂದರೆ ರೆನಿನ್ ಸರಪಳಿಯನ್ನು, ತಡೆಯುವ ವಾಲ್ಸಾರ್ಟನ್ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದಾಗ ಫಲ ಸಿಕ್ಕಿತು. 2014ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅದು ಎನಾಲಪ್ರಿಲ್‌ಗಿಂತಲೂ ಮೇಲಾಯಿತು. ಹೃದ್ರೋಗದ ಸಾವು ಅಥವಾ ಆಸ್ಪತ್ರೆ ಸೇರುವ ಸಂಭವ ಶೇ 20ರಷ್ಟು ಇಳಿಯಿತು.

ಹೃದಯ ಮಾತನಾಡುತ್ತದೆ ಎಂದೊಡನೆ ಅದು ಯೋಚಿಸುತ್ತದೆ, ನೆನಪಿಡುತ್ತದೆ ಎಂದು ಹೇಳಹೊರಡುವವರಿದ್ದಾರೆ. ಈ ಪುರಾವೆಗಳು ಅಷ್ಟು ದೂರ ಹೋಗುವುದಿಲ್ಲ. ಕಸಿ ಮಾಡುವಾಗ ಹೃದಯದ ನರಗಳೆಲ್ಲ ಕತ್ತರಿಸಿಹೋಗುತ್ತವೆ. ಆದರೂ ಅದು ಹೊಸ ಎದೆಯಲ್ಲಿ ಬಡಿಯುತ್ತದೆ, ಹಾರ್ಮೋನು ಸುರಿಸುತ್ತದೆ. ಹೃದಯದ ಭಾಷೆ ರಸಾಯನದ್ದು, ಹೇಳುವ ವಿಷಯ ಉಪ್ಪು, ನೀರು, ಒತ್ತಡ. ಜೀವ ಕಾಯುವುದಕ್ಕೆ ಅಷ್ಟು ಸಾಕು, ಅದರಲ್ಲೇ ಬೇಕಾದಷ್ಟು ಬೆರಗಿದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಹೃದಯ ಸೋತ ಹಿರಿಯರಿದ್ದರೆ ಅವರ ಚೀಟಿಯನ್ನು ಇನ್ನೊಮ್ಮೆ ನೋಡಿ. ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಬರೆದದ್ದು ತಪ್ಪಲ್ಲ. ಊಟದಲ್ಲಿ ಉಪ್ಪು ಹಿಡಿತದಲ್ಲಿರಲಿ. ಮಾತ್ರೆಯಿಂದ ತಲೆ ಸುತ್ತಿದರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸಲು ಅವರಿಗೆ ದಾರಿಗಳಿವೆ. ಕಾಲಿನ ಊತ ಇಳಿಯಿತೆಂದು, ಉಸಿರು ಸಲೀಸಾಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.