ಮೊದಲ ಚಿತ್ರದಲ್ಲಿಲ್ಲದ ಗೆರೆ

ಬಳ್ಳಾರಿಯು ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾದ ಊರೆಂಬುದನ್ನು ನಮ್ಮ ವಾಚಕರು ಬಲ್ಲರು. ಅಲ್ಲಿಯ ಕುರುಗೋಡು ಸೀಮೆಯ ಬಾದನಹಟ್ಟಿಯ ಸೋದರಿಯೊಬ್ಬಳು ಜೀನ್ಸಿನ ಜೇಬಿಗೆ ಯಾರೂ ಕಾಣದ ಹೊಲಿಗೆಯ ಬಳ್ಳಿಯೊಂದನ್ನು ಕಲ್ಪಿಸಿದಳೆಂದು ಭಾವಿಸೋಣ. ಅದನ್ನು ಪರರು ಕದ್ದು ಅವಳ ಅನ್ನಕ್ಕೆ ಕುಂದು ತಾರದಂತೆ ಕಾಯುವ ಬಗೆ ಯಾವುದು?

ಸಂಡೂರಿನ ಲಂಬಾಣಿ ಕಸೂತಿಯಂತಹ ಪರಂಪರೆಯ ಕಲೆಗೆ ಭೌಗೋಳಿಕ ಸೂಚಕವೆಂಬ ರಕ್ಷೆಯುಂಟು. ಹೊಸ ಕಲ್ಪನೆಗೆ 2000ದ ವಿನ್ಯಾಸ ಶಾಸನವುಂಟು. ಇದು 10 ವರ್ಷಗಳ ಹಕ್ಕನ್ನು ಕೊಡುತ್ತದೆ. ಮತ್ತೆ 5 ವರ್ಷ ಬೆಳೆಸಿಕೊಳ್ಳಬಹುದು. ಆದರೆ ಅರ್ಜಿಗೆ ಮುನ್ನವೇ ಉಡುಪನ್ನು ಸಂತೆಗೆ ತಂದರೆ ಹೊಸತನವು ಹೋಯಿತೆಂದೇ ತಿಳಿಯತಕ್ಕದ್ದು.

ಆಕೆಯ ಉಡುಪು ಅಮೆರಿಕಕ್ಕೂ ಹೋಗುವುದಾದರೆ? ಇಲ್ಲಿ ಅರ್ಜಿಯಿಟ್ಟ 6 ತಿಂಗಳೊಳಗೆ ಅಲ್ಲಿಯೂ ಅರ್ಜಿಯಿಟ್ಟಲ್ಲಿ ಮೊದಲ ದಿನಾಂಕದ ಬಲವು ದೊರೆಯುವುದು. ಆದರೆ ಅಲ್ಲಿ ಕೇಳುವ ವಿನ್ಯಾಸವು ಮೊದಲ ಅರ್ಜಿಯಲ್ಲಿಯೇ ಸ್ಪಷ್ಟವಾಗಿ ಕಂಡಿರಬೇಕು. ಇಂತಹ ಅರ್ಜಿಯಲ್ಲಿ ಮಾತು ಅಲ್ಪ, ಚಿತ್ರವೇ ವಿವರಣೆ.

ಈ ನಿಯಮದ ಬಿಗಿಯನ್ನು ಅಮೆರಿಕದ ಒಂದು ವ್ಯಾಜ್ಯವು ತೋರಿಸಿತು. ಓವೆನ್ಸ್ ಎಂಬವರೂ ಅವರ ಸಂಗಡಿಗರೂ 2004ರಲ್ಲಿ ಒಂದು ಸೀಸೆಯ ಆಕಾರಕ್ಕೆ ಅರ್ಜಿಯಿಟ್ಟರು. 2006ರ ಮತ್ತೊಂದು ಅರ್ಜಿಯಲ್ಲಿ, ಸೀಸೆಯ ಮುಂಬದಿಯ ಫಲಕಕ್ಕೆ ಅಡ್ಡಲಾಗಿ ಚುಕ್ಕೆಗೆರೆಯೊಂದನ್ನೆಳೆದು, ಅದರ ಮೇಲಿನ ತುಂಡಿಗೆ ಹಕ್ಕು ಬೇಡಿದರು. ಮೊದಲ ಚಿತ್ರದಲ್ಲಿ ಫಲಕವು ಇದ್ದಿತು. ಅದನ್ನು ಆ ಸ್ಥಳದಲ್ಲಿ ತುಂಡರಿಸುವ ಗೆರೆಯಿರಲಿಲ್ಲ. ಆ ತುಂಡು ಪ್ರತ್ಯೇಕ ವಿನ್ಯಾಸವಾಗಿ ಮೊದಲೇ ಅವರ ಮನಸ್ಸಿನಲ್ಲಿದ್ದಿತೆಂಬುದಕ್ಕೆ ಆಧಾರವಿಲ್ಲವೆಂದು ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು. ಹಳೆಯ ದಿನಾಂಕವು ಕೈತಪ್ಪಿತು. ಅಷ್ಟರಲ್ಲಿ ಸೀಸೆಗಳು ಅಂಗಡಿಗೆ ಬಂದು ವರ್ಷ ಮೀರಿದ್ದವಾದುದರಿಂದ, ತಮ್ಮ ಸರಕೇ ತಮ್ಮ ಅರ್ಜಿಗೆ ಎದುರಾಳಿಯಾಯಿತು!

ನಮ್ಮ ಸೋದರಿಗೂ ಇದೇ ಪಾಠ. ಇಡೀ ಜೇಬನ್ನು ಮಾತ್ರ ಬರೆದುಕೊಟ್ಟು, ನಾಳೆ ಬಳ್ಳಿಯ ಕುಡಿಯೊಂದೇ ತನ್ನದೆಂದರೆ ನಡೆಯದೆ ಹೋಗಬಹುದು. ಆದುದರಿಂದ ಯಾವುದು ತನ್ನದು, ಯಾವುದು ಬರಿಯ ಹಿನ್ನೆಲೆ ಎಂಬುದನ್ನು ಮೊದಲ ದಿನವೇ ನಿಶ್ಚಯಿಸಿಕೊಳ್ಳಲಿ. ಇಡಿಯ ಚಿತ್ರವನ್ನೂ ಬಿಡಿಯ ಚಿತ್ರವನ್ನೂ ಸಿದ್ಧಪಡಿಸಿ, ಬಲ್ಲವರಿಗೆ ತೋರಿಸಿ, ಅರ್ಜಿಯಿಟ್ಟ ಬಳಿಕವೇ ಸಂತೆಗೆ ಹೊರಡಲಿ.

ಬಟ್ಟೆಯನ್ನು ಕತ್ತರಿಸುವ ಮುನ್ನ ಎರಡು ಸಲ ಅಳೆಯುವ ಕೈ ಅವಳದು. ಆ ಎಚ್ಚರಿಕೆಯನ್ನೇ ಕಾಗದದ ಮೇಲೂ ತೋರಿದರೆ ಅವಳ ಬೆವರಿನ ಫಲವು ಅವಳಿಗೇ ಉಳಿದೀತೆಂದು ನಮ್ಮ ನಂಬುಗೆ.